ಕಣ್ಣಿನ ಹನಿಯ ಹಿಂದಿರುವ ಓದು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿಇ ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ಆದರೆ ನಾನು ಹೇಳಬೇಕೆಂದಿರುವುದು ಕಣ್ಣಿನ ವಿಷಯ. ಕಂಪನಿ ಕೆಲಸದ ಮೇಲೆ ಕೆಲವು ಕಾಲ ಸ್ಕಾಟ್ಲೆಂಡಿನಲ್ಲಿದ್ದೆ. ಅಲ್ಲಿ ತಿಳಿದುಕೊಂಡ ಒಂದು ವ್ಯವಸ್ಥೆಯನ್ನು ನಮ್ಮೂರಿನವರಿಗೆ ಹೇಳಬೇಕು ಅನ್ನಿಸಿದೆ.

ಅಲ್ಲಿ ಕಣ್ಣು ಕೆಂಪಾದರೆ, ಉರಿ ಬಂದರೆ ಜನ ಮೊದಲು ಹೋಗುವುದು ದೊಡ್ಡಾಸ್ಪತ್ರೆಗಲ್ಲ, ಹತ್ತಿರದ ಆಪ್ಟೋಮೆಟ್ರಿಸ್ಟ್ ಬಳಿಗೆ. ಇವರು ಆಪರೇಷನ್ ಮಾಡುವ ಕಣ್ಣಿನ ಡಾಕ್ಟರಲ್ಲ. ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವರು, ಕಣ್ಣಿನ ರೋಗದ ಗುರುತು ಹಿಡಿಯುವವರು. 2006ರಿಂದ ಸ್ಕಾಟ್ಲೆಂಡಿನಲ್ಲಿ ಈ ಪರೀಕ್ಷೆಯ ಖರ್ಚನ್ನು ಸರ್ಕಾರವೇ ಕೊಡುತ್ತದೆ.

2008ರಲ್ಲಿ ಬ್ರಿಟನ್ನಿನ ಕಾನೂನು ಇವರಿಗೆ ಇನ್ನೊಂದು ಅಧಿಕಾರ ಕೊಟ್ಟಿತು. ಪದವಿಯ ಮೇಲೆ ವಿಶೇಷ ತರಬೇತಿ ಮುಗಿಸಿದವರು ಡಾಕ್ಟರ ಸಹಿಗೆ ಕಾಯದೆ ತಾವೇ ಕಣ್ಣಿನ ಔಷಧ ಬರೆಯಬಹುದು. ಆ ತರಬೇತಿ ಹೆಸರಿಗಷ್ಟೇ ಅಲ್ಲ. ಔಷಧ ದೇಹದಲ್ಲಿ ಏನು ಮಾಡುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಓದಬೇಕು. ಈಗಿನ ನಿಯಮದಂತೆ ಅನುಭವಿಗಳ ಮೇಲ್ವಿಚಾರಣೆಯಲ್ಲಿ ಸುಮಾರು 90 ಗಂಟೆ ರೋಗಿಗಳನ್ನು ನೋಡಿ ಕಲಿಯಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಕಣ್ಣಿನ ಒತ್ತಡ ಇಳಿಸಲು ಟಿಮೊಲಾಲ್ ಎಂಬ ಹನಿ ಹಾಕುತ್ತಾರೆ. ಅದು ಕಣ್ಣಿನಿಂದ ಮೂಗಿಗಿಳಿದು ರಕ್ತಕ್ಕೆ ಸೇರುತ್ತದೆ. ಉಬ್ಬಸ ಇರುವವರಿಗೆ ಉಸಿರೇ ಕಟ್ಟಬಹುದು. ಹಾಗಾಗಿ ಔಷಧ ಬರೆಯುವವರು ಕಣ್ಣನ್ನು ನೋಡಿದರೆ ಸಾಲದು, ಇಡೀ ಮನುಷ್ಯನನ್ನು ವಿಚಾರಿಸಬೇಕು.

ಅಧಿಕಾರಕ್ಕೆ ಮಿತಿಯೂ ಇದೆ. ಕಣ್ಣು ಮತ್ತು ಅದರ ಸುತ್ತಲಿನ ಭಾಗದ ಕಾಯಿಲೆಗೆ ಮಾತ್ರ ಬರೆಯಬಹುದು. ಇಂಜೆಕ್ಷನ್ ಬರೆಯುವಂತಿಲ್ಲ. ತಮ್ಮ ತಿಳಿವಳಿಕೆ ಮೀರಿದ್ದನ್ನು ಡಾಕ್ಟರಿಗೆ ಕಳಿಸಲೇಬೇಕು.

ಈಗ ನಮ್ಮೂರಿಗೆ ಬರೋಣ. ಬತ್ತದ ಹೊಟ್ಟೋ ಕಬ್ಬಿನ ಗರಿಯೋ ಕಣ್ಣಿಗೆ ತಾಗುತ್ತದೆ. ಒಂದು ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಹೋಗುವುದು ಯಾರಿಗೂ ಸುಲಭವಲ್ಲ. ಮೆಡಿಕಲ್ ಶಾಪಿನಲ್ಲಿ ಒಂದು ಹನಿ ಕೇಳಿ ತರುತ್ತೇವೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಬೇಗ ಇಳಿಯುತ್ತದೆ. ಆದರೆ ಒಳಗೆ ಶಿಲೀಂಧ್ರದ ಸೋಂಕಿದ್ದರೆ ಅದಕ್ಕೆ ಇನ್ನಷ್ಟು ಬಲ ಬಂದು, ಕಣ್ಣುಗುಡ್ಡೆಯ ಗಾಜಿನಂಥ ಪದರವೇ ಹುಣ್ಣಾಗಿ ಹಾಳಾಗುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ, ನೋವೇ ಇಲ್ಲದೆ ದೃಷ್ಟಿ ಹೋಗಬಹುದು. ಹೋದ ಆ ದೃಷ್ಟಿ ಮತ್ತೆ ಬರುವುದಿಲ್ಲ. ಕೆಂಪು ಇಳಿದ ಮಾತ್ರಕ್ಕೆ ರೋಗ ಇಳಿಯಿತು ಎಂದಲ್ಲ.

ಬ್ರಿಟನ್ನಿನ ಕಾನೂನನ್ನು ನಾಳೆಯೇ ಇಲ್ಲಿ ತರಬೇಕು ಎಂದು ನಾನು ಹೇಳುತ್ತಿಲ್ಲ. ಅರೆಬರೆ ಕಲಿತವರ ಕೈಗೆ ಔಷಧ ಕೊಡಬಾರದು ಎಂಬ ಡಾಕ್ಟರರ ಮಾತು ನ್ಯಾಯವಾದದ್ದೇ. ಆದರೆ ಓದಿಲ್ಲದೆ, ಪರೀಕ್ಷಿಸದೆ ಕೊಡುವ ಹನಿ ಈಗಾಗಲೇ ನಮ್ಮ ಮನೆಗಳಲ್ಲಿದೆ. ಚೆನ್ನಾಗಿ ಓದಿದ, ತನ್ನ ಮಿತಿ ಬಲ್ಲ ಒಬ್ಬರು ಹತ್ತಿರದಲ್ಲೇ ಇದ್ದರೆ ಎಷ್ಟೋ ಕಣ್ಣುಗಳು ಉಳಿಯುತ್ತವೆ. ನಮ್ಮ ದೇಶದಲ್ಲೂ 2021ರ ಕಾಯ್ದೆ ಆಪ್ಟೋಮೆಟ್ರಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಮುಂದಿನ ದಾರಿಯನ್ನು ತಿಳಿದವರು ಕೂತು ಚರ್ಚಿಸಲಿ.

ವಿದ್ಯಾರ್ಥಿಗಳೇ, ಪಿಯುಸಿ ವಿಜ್ಞಾನದ ನಂತರ ಎಂಬಿಬಿಎಸ್, ಬಿಇ ಎರಡೇ ದಾರಿ ಅಲ್ಲ. ಆಪ್ಟೋಮೆಟ್ರಿ ಪದವಿ ನಮ್ಮ ರಾಜ್ಯದಲ್ಲೇ ಇದೆ. ನಿಮ್ಮಲ್ಲಿ ಒಬ್ಬರಾದರೂ ಅದನ್ನು ಓದಿ ಈ ತಾಲ್ಲೂಕಿಗೇ ಬನ್ನಿ.

ಹಳೆಯ ವಿದ್ಯಾರ್ಥಿಗಳೇ, ವರ್ಷಕ್ಕೊಮ್ಮೆ ಈ ಶಾಲೆಯ ಅಂಗಳದಲ್ಲಿ ಕಣ್ಣಿನ ತಪಾಸಣೆ ನಡೆಸೋಣ. ನನ್ನ ಪಾಲಿನ ಖರ್ಚು ನಾನು ಕೊಡುತ್ತೇನೆ. ಊರಿನ ಹಿರಿಯರೇ, ಅಲ್ಲಿಯವರೆಗೆ ನಿಮ್ಮಲ್ಲಿ ನನ್ನದು ಒಂದೇ ಬಿನ್ನಹ: ಚೀಟಿ ಇಲ್ಲದ ಹನಿಯನ್ನು ಕಣ್ಣಿಗೆ ಬಿಡಬೇಡಿ.