ಹಾಡು ಸಿಗುತ್ತಿದ್ದ ಅಂಗಡಿ



ಒಂದು ಹಾಡು ಕೇಳಬೇಕೆನಿಸಿದರೆ ನೀವು ಏನು ಮಾಡುತ್ತೀರಿ? ಫೋನಿನಲ್ಲಿ ಹುಡುಕುತ್ತೀರಿ. ಅರ್ಧ ನಿಮಿಷ ಕಳೆಯುವುದರೊಳಗೆ ಹಾಡು ಕಿವಿಗೆ ಬೀಳುತ್ತದೆ. ನಾನು ಹೈಸ್ಕೂಲಿನಲ್ಲಿದ್ದ 1990ರ ದಶಕದಲ್ಲಿ ಹಾಗಿರಲಿಲ್ಲ. ರೇಡಿಯೋದಲ್ಲಿ ಬರುವವರೆಗೂ ಕಾಯಬೇಕು, ಇಲ್ಲವೇ ಅಂಗಡಿಗೆ ಹೋಗಬೇಕು. ಬೇಳೆ, ಬೆಲ್ಲದಂತೆ ಹಾಡೂ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲವದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿದ್ದ ಅಂಥ ಅಂಗಡಿಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನೆನಪಿನ ಸವಿ ಹಂಚಿಕೊಳ್ಳುವುದಷ್ಟೇ ಉದ್ದೇಶವಲ್ಲ. ಆ ಅಂಗಡಿಗಳಿಂದ ನಮ್ಮ ಮನೆಗಳಿಗೆ ಬಂದ ಒಂದು ಆಸ್ತಿ ಈಗ ಸದ್ದಿಲ್ಲದೆ ಅಳಿಯುತ್ತಿದೆ. ಅದನ್ನು ಉಳಿಸುವುದು ನಿಮ್ಮಿಂದ ಸಾಧ್ಯ.

ಮೊದಲು ಸ್ವಲ್ಪ ಇತಿಹಾಸ. ಧ್ವನಿಯನ್ನು ಹಿಡಿದಿಡುವ ಫೋನೋಗ್ರಾಫನ್ನು ಎಡಿಸನ್ ರೂಪಿಸಿದ್ದು 1877ರಲ್ಲಿ. ಹತ್ತು ವರ್ಷಗಳ ನಂತರ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನನ್ನು ತಂದ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಣಗೊಂಡಿತು. ನಮ್ಮ ದೇಶದ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಅದೂ ಒಂದು. ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಆ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. ಇದೇ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಆ ಕಾಲದ ತಟ್ಟೆ ಯಾವುದರಿಂದ ಆದದ್ದು ಗೊತ್ತೇ? ಅದರ ಒಂದು ಮುಖ್ಯ ವಸ್ತು ಅರಗು. ಮಹಾಭಾರತದ ಅರಗಿನ ಮನೆ ನಿಮಗೆ ನೆನಪಿರಬಹುದು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು. ಒಂದು ಪುಟ್ಟ ಕೀಟ ಮರದ ಕೊಂಬೆಯ ಮೇಲೆ ಸ್ರವಿಸುವ ರಾಳ ಅದು. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಸುಮಾರು 3 ನಿಮಿಷದ ಹಾಡು. ಅಂದರೆ ಒಂದು ಹಾಡಿಗೆ ಸುಮಾರು 234 ಸುತ್ತು. ಕೈಜಾರಿ ಬಿದ್ದರೆ ಚೂರುಚೂರು. ಆಮೇಲೆ ಪ್ಲಾಸ್ಟಿಕ್ಕಿನ ಎಲ್.ಪಿ. ತಟ್ಟೆಗಳು ಬಂದವು. ಅವು ನಿಧಾನವಾಗಿ ತಿರುಗುತ್ತಿದ್ದುದರಿಂದ, ಗೆರೆಗಳೂ ಸಣ್ಣವಾದುದರಿಂದ, ಒಂದು ಬದಿಯಲ್ಲಿಯೇ 20 ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಸುತ್ತಿತ್ತು.

ಆದರೆ ರೆಕಾರ್ಡ್ ಪ್ಲೇಯರ್ ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿತ್ತು? ಕಾರ್ಖಾನೆಗಳನ್ನು ನಂಬಿ ಬೆಳೆದ ರಾಜಾಜಿನಗರದಲ್ಲಿ ಹೆಚ್ಚಿನವರು ರೆಕಾರ್ಡಿನ ಹಾಡು ಕೇಳಿದ್ದು ಬೀದಿಯಲ್ಲಿ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ, ಏನೇ ಇರಲಿ, ಮೈಕ್ ಸೆಟ್ ಬಾಡಿಗೆಗೆ ಕೊಡುವವರು ಕಂಬಕ್ಕೆ ಧ್ವನಿವರ್ಧಕ ಕಟ್ಟಿ, ತಟ್ಟೆಯ ಮೇಲೆ ಮುಳ್ಳು ಇಡುತ್ತಿದ್ದರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಹಾಡಿದ ಮೇಲೆ ಡಾ. ರಾಜ್‌ಕುಮಾರ್ ಗಾಯಕರಾಗಿಯೂ ಮನೆಮಾತಾದರು. ಆ ದನಿ ಇಡೀ ಬಡಾವಣೆಗೆ ಕೇಳಿಸುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಪುಟ್ಟ ಡಬ್ಬಿ ಸಾಮಾನ್ಯರ ಕೈಗೆಟುಕಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಹೊರಬಂದಿತು. ಕವಿತೆಯನ್ನು ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಕೇಳಬಹುದೆಂದು ಕನ್ನಡಿಗರು ಕಂಡುಕೊಂಡರು. ಗುರುರಾಜುಲು ನಾಯ್ಡು ಅವರ ಹರಿಕಥೆ ಅಡುಗೆಮನೆಗೂ ಕೇಳಿಸಿತು. 1987ರ ‘ಪ್ರೇಮಲೋಕ’ದ ಕ್ಯಾಸೆಟ್ ಇಲ್ಲದ ಅಂಗಡಿಯೇ ಇರಲಿಲ್ಲವೆನ್ನಬೇಕು.

ಅಂಗಡಿ ಎಂದರೆ ದೊಡ್ಡದಲ್ಲ. ನವರಂಗ್ ಚಿತ್ರಮಂದಿರದ ಆಸುಪಾಸಿನಲ್ಲಿ, ಮಾಗಡಿ ರಸ್ತೆಯ ಬದಿಯಲ್ಲಿ, ವಿಜಯನಗರದ ಮಾರುಕಟ್ಟೆಯ ಸಂದಿಯಲ್ಲಿ ಹತ್ತು ಅಡಿ ಅಗಲದ ಮಳಿಗೆ. ಗೋಡೆಯ ತುಂಬ ಕ್ಯಾಸೆಟ್‌ಗಳು, ಬೆನ್ನಿನ ಮೇಲೆ ಹೆಸರು. ಗಾಜಿನ ಕೌಂಟರಿನ ಹಿಂದೆ ಒಂದು ಡೆಕ್, ಎರಡು ಸ್ಪೀಕರ್. ನಮ್ಮಂಥ ಹುಡುಗರ ಬಳಿ ಹಣವಿರುತ್ತಿರಲಿಲ್ಲ, ರಾಗವಷ್ಟೇ ಇರುತ್ತಿತ್ತು. “ಅಣ್ಣಾ, ಇದು ಯಾವ ಪಿಕ್ಚರ್ ಹಾಡು?” ಎಂದು ಗುನುಗಿದರೆ ಅಂಗಡಿಯವರು ಚಿತ್ರದ ಹೆಸರು ಹೇಳಿ, ಬರೆದವರು ಯಾರು, ಸಂಗೀತ ಯಾರದು ಎಂದೂ ಸೇರಿಸುತ್ತಿದ್ದರು. ಜೊತೆಗೆ, “ಇದು ಇಷ್ಟವಾದರೆ ಅದನ್ನೂ ಕೇಳು” ಎಂದು ಇನ್ನೊಂದನ್ನು ಹಾಕುತ್ತಿದ್ದರು. ಸಿನಿಮಾ ಹಾಡು ಕೇಳಲು ಹೋದ ನಾನು ಪಿ. ಕಾಳಿಂಗರಾಯರ ಹೆಸರನ್ನು ಮೊದಲು ಕೇಳಿದ್ದು ಅಂಥ ಒಂದು ಕೌಂಟರಿನ ಮುಂದೆ.

ಇನ್ನೊಂದು ಪದ್ಧತಿಯಿತ್ತು. ಬೇಕಾದ ಹಾಡುಗಳ ಪಟ್ಟಿಯನ್ನೂ ಖಾಲಿ ಕ್ಯಾಸೆಟ್ಟನ್ನೂ ಕೊಟ್ಟುಬಂದರೆ ವಾರದೊಳಗೆ ತುಂಬಿಸಿ ಕೊಡುತ್ತಿದ್ದರು. ಹಕ್ಕುಸ್ವಾಮ್ಯದ ಕಾನೂನು ಇದನ್ನು ಒಪ್ಪುವುದಿಲ್ಲ. ಕವಿಗೂ ಗಾಯಕನಿಗೂ ಸಲ್ಲಬೇಕಾದ ಪಾಲು ಇದರಲ್ಲಿ ಸಲ್ಲುತ್ತಿರಲಿಲ್ಲ. ಆದರೂ ಪಟ್ಟಿ ಬರೆಯುವುದು ಒಂದು ಶಿಸ್ತು. 60 ನಿಮಿಷದ ಕ್ಯಾಸೆಟ್ಟಿಗೆ ಹತ್ತು ಹನ್ನೆರಡು ಹಾಡು ಮಾತ್ರ. ಯಾವುದು ಬೇಕು, ಯಾವುದು ಬಿಡಬೇಕು ಎಂದು ರಾತ್ರಿಯೆಲ್ಲ ಯೋಚಿಸುತ್ತಿದ್ದೆವು.

ಕ್ಯಾಸೆಟ್ಟಿನೊಳಗೆ ಇರುವುದೇನು? ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಬ್ಬಿಣದ ಆಕ್ಸೈಡಿನ ಕಣಗಳು. ಧ್ವನಿ ವಿದ್ಯುತ್ತಾಗಿ, ವಿದ್ಯುತ್ತು ಕಾಂತಕ್ಷೇತ್ರವಾಗಿ, ಆ ಕಣಗಳನ್ನು ಕಾಂತಗಳನ್ನಾಗಿಸುತ್ತದೆ. ಪಟ್ಟಿ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 30 ನಿಮಿಷಕ್ಕೆ ಎಷ್ಟು? ಲೆಕ್ಕ ಹಾಕಿ ನೋಡಿ: ಸುಮಾರು 86 ಮೀಟರ್.

ಈ ಅಂಗಡಿಗಳು ಹೇಗೆ ಮುಚ್ಚಿದವು? 1982ರಲ್ಲಿ ಬಂದ ಸಿ.ಡಿ. ಧ್ವನಿಯನ್ನು ಸೆಕೆಂಡಿಗೆ 44,100 ಸಂಖ್ಯೆಗಳನ್ನಾಗಿ ಬದಲಿಸಿತು. ಎಂಪಿ3 ವಿಧಾನ ಅದನ್ನೂ ಕುಗ್ಗಿಸಿತು. ಒಂದೇ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡು ಕೂತವು. ಆಮೇಲೆ ತಟ್ಟೆಯೂ ಬೇಡವಾಯಿತು. ಕ್ಯಾಸೆಟ್ ಅಂಗಡಿಗಳು ಮೊಬೈಲ್ ರೀಚಾರ್ಜ್ ಅಂಗಡಿಗಳಾದವು. ಇದರಲ್ಲಿ ಯಾರ ತಪ್ಪೂ ಇಲ್ಲ. ಇಂದು ನಿಮಗೆ ಸಿಗುವಷ್ಟು ಸಂಗೀತ ನಮಗೆ ಕನಸಿನಲ್ಲೂ ಸಿಗುತ್ತಿರಲಿಲ್ಲ.

ಹಾಗಾದರೆ ಕಳೆದುಹೋದದ್ದು ಯಾವುದು? ಎಲ್ಲವೂ ಫೋನಿಗೆ ಬಂದಿಲ್ಲ. ಕಂಪನಿಗಳು ಮತ್ತೆ ಹೊರತರದ ಹಾಡುಗಳಿವೆ. ಅದಕ್ಕಿಂತ ಮುಖ್ಯವಾಗಿ, ಖಾಲಿ ಕ್ಯಾಸೆಟ್ಟಿನಲ್ಲಿ ಜನ ಹಾಡನ್ನಷ್ಟೇ ತುಂಬಿಸಲಿಲ್ಲ. ಅಜ್ಜಿಯ ಸೋಬಾನೆ ಪದ, ತಾತನ ಗಮಕ, ಮಗುವಿನ ತೊದಲು ಮಾತು, ಶಾಲೆಯ ನಾಟಕ, ಇವನ್ನೂ ತುಂಬಿಸಿದರು. ಇಂಥವಕ್ಕೆ ಸಾಮಾನ್ಯವಾಗಿ ಎರಡನೆಯ ಪ್ರತಿಯೇ ಇರುವುದಿಲ್ಲ. ತೇವಕ್ಕೆ ಅಂಟು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಕಣ ಉದುರುತ್ತದೆ. ಕಣ ಉದುರಿದಲ್ಲಿ ಧ್ವನಿಯೂ ಇಲ್ಲ.

ಹಳೆಯ ಗ್ರಾಮಫೋನ್ ತಟ್ಟೆಗಳ ಪಾಲಿಗೆ ಇಂಥ ಕೆಲಸ ಬೆಂಗಳೂರಿನಲ್ಲಿಯೇ ನಡೆದಿದೆ. ಗೌಹರ್ ಜಾನ್ ಅವರ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸ್ಥಾಪಿಸಿ, ತಟ್ಟೆಗಳ ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತಂದರು. ಆದರೆ ನಿಮ್ಮ ಅಜ್ಜಿಯ ಕ್ಯಾಸೆಟ್ ಹುಡುಕಿಕೊಂಡು ಯಾವ ಸಂಸ್ಥೆಯೂ ನಿಮ್ಮ ಮನೆಗೆ ಬರಲಾರದು. ಆ ಕೆಲಸ ನಿಮ್ಮದೇ.

ಮುಂದಿನ ರಜೆಯಲ್ಲಿ ಅಟ್ಟದ ಮೇಲಿನ ಡಬ್ಬಿ ಇಳಿಸಿ. ಬೂಷ್ಟು ಕಂಡರೆ ಡೆಕ್ಕಿಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಸಡಿಲವಾದ ಸುರುಳಿಯನ್ನು ಆರು ಮೂಲೆಯ ಪೆನ್ಸಿಲ್ ತೂರಿಸಿ ಮೆಲ್ಲಗೆ ಬಿಗಿಮಾಡಿ. ಡಬ್ಬಿಯ ಹಿಂದಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ಅದರ ಮೇಲೆ ಬೇರೇನೂ ತಪ್ಪಿ ಮುದ್ರಣವಾಗದು. ಡೆಕ್ಕಿನಿಂದ ಕಂಪ್ಯೂಟರಿಗೆ ತಂತಿ ಜೋಡಿಸಿ, ಕುಗ್ಗಿಸದ ವೇವ್ ಕಡತದಲ್ಲಿ ಉಳಿಸಿ, ಎರಡು ಕಡೆ ಇಡಿ. ಕೊನೆಯದಾಗಿ, ದನಿ ಯಾರದು, ಯಾವ ಊರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳಿ ಹೋದರು. ನಿಮ್ಮ ಅಜ್ಜಿ ಹೇಳಿರಲಾರರು. ಆ ಹೆಸರನ್ನು ಬಲ್ಲವರು ಮನೆಯಲ್ಲಿರುವಾಗಲೇ ಕೇಳಿಕೊಳ್ಳಿ.