ಆಟದ ಮಾತು ಯಾರ ಸೊತ್ತು?

(ಬೈಂದೂರಿನ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬ್ರಹ್ಮಾವರದಿಂದ ಬೈಂದೂರಿನವರೆಗೆ ಆಟ ನೋಡದೆ ಬೆಳೆದವರು ಯಾರಿದ್ದಾರೆ? ಆದುದರಿಂದ ನಾವು ಯಕ್ಷಗಾನವನ್ನು ವರ್ಣಿಸಲು ಹೋಗುವುದಿಲ್ಲ. ಅದರಲ್ಲಿನ ಮಾತಿನ ವಿಚಾರವನ್ನಷ್ಟೇ ಎತ್ತುತ್ತೇವೆ. ಅದಕ್ಕೆ ಮೊದಲು ದೂರದ ಒಂದು ಸಂಗತಿ.

ಜರ್ಮನಿಯ ರಿಚರ್ಡ್ ಸ್ಟ್ರಾಸ್ ರಚಿಸಿದ ‘ಸಲೋಮೆ’ ಎಂಬ ಗೀತನಾಟಕ 1905ರ ಡಿಸೆಂಬರಿನಲ್ಲಿ ಡ್ರೆಸ್ಡನ್ ನಗರದಲ್ಲಿ ಮೊದಲು ರಂಗವೇರಿತು. ಅಲ್ಲಿ ಪ್ರತಿ ಅಕ್ಷರ, ಪ್ರತಿ ಸ್ವರ ಬರೆದಿಟ್ಟದ್ದು. ಬರೆದಿಟ್ಟದ್ದನ್ನು ಆಳುವವರು ಮುಂಚಿತವಾಗಿ ಓದಬಲ್ಲರಷ್ಟೆ. ವಿಯೆನ್ನಾದ ಆಸ್ಥಾನ ರಂಗಮಂದಿರಕ್ಕೆ ಪರವಾನಗಿ ಸಿಕ್ಕಲಿಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮಂದಿರದಲ್ಲಿ 1907ರಲ್ಲಿ ಒಂದೇ ಪ್ರದರ್ಶನವಾಯಿತು. ಕಟ್ಟಡದ ಒಡೆಯರಾದ ಧನಿಕರು ಬೇಡವೆಂದರು. 1934ರ ತನಕ ಅದು ಅಲ್ಲಿ ತಲೆಯೆತ್ತಲಿಲ್ಲ. 1910ರಲ್ಲಿ ಲಂಡನಿನ ಅಧಿಕಾರಿಗಳು ಮಾತುಗಳನ್ನೇ ತಿದ್ದಿಸಿದರು. ಹಾಡುವವರು ಹುರುಪಿನಲ್ಲಿ ಮೆಲ್ಲನೆ ಮೂಲಕ್ಕೇ ಜಾರಿದರಂತೆ, ಭೇಷ್!

ನಮ್ಮಲ್ಲಿ ಪ್ರಸಂಗದ ಕವಿ ಬರೆಯುವುದು ಪದ್ಯ ಮಾತ್ರ. ಭಾಗವತರು ಹಾಡಿ ನಿಲ್ಲಿಸಿದ ಮೇಲೆ ಅರ್ಥ ಹೇಳುವವನು ವೇಷಧಾರಿ. ಅದು ಯಾವ ಕಾಗದದಲ್ಲೂ ಇಲ್ಲ. ಕೌರವನ ಒಡ್ಡೋಲಗದಲ್ಲಿ ಹಾಸ್ಯಗಾರ ಕುಂದಾಪ್ರ ಕನ್ನಡದಲ್ಲಿ ಬಾಯಿ ತೆರೆದನೆಂದರೆ, ಎದುರು ಕುರ್ಚಿಯ ಧಣಿಗೆ ತಾಗಬೇಕಾದ್ದು ತಾಗುತ್ತದೆ. ಪುಸ್ತಕ ತೆಗೆದು ಹುಡುಕಿದರೆ ಅದರಲ್ಲಿ ಏನೂ ಇಲ್ಲ! ಹಾರಾಡಿ ರಾಮ ಗಾಣಿಗರ ವೇಷ, ಕುಂಜಾಲು ರಾಮಕೃಷ್ಣ ನಾಯಕರ ಹಾಸ್ಯ ಇಂದಿಗೂ ಹಿರಿಯರ ಬಾಯಲ್ಲಿರುವುದು ಸುಮ್ಮನೆ ಅಲ್ಲ. ಮೇಳದ ಯಜಮಾನರ ಕಣ್ಣು, ಸೇವೆಯಾಟ ಆಡಿಸುವವರ ಮರ್ಜಿ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನಡುರಾತ್ರಿ ಚೌಕಿಯಿಂದ ಹೊರಟವನ ನಾಲಗೆಯನ್ನು ಯಾರು ಹಿಡಿದಾರು?

ಕೋಟದ ಶಿವರಾಮ ಕಾರಂತರು ಈ ಕಲೆಗೆ ಮಾಡಿದ ಉಪಕಾರ ದೊಡ್ಡದು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮುಂದೆ ಅವರು ಪಿಟೀಲು, ಸ್ಯಾಕ್ಸೊಫೋನ್ ತಂದರು; ಮಾತನ್ನು ತೆಗೆದು ಹಾಡು ಕುಣಿತಗಳ ಬ್ಯಾಲೆ ಕಟ್ಟಿದರು. ಕನ್ನಡ ಬಾರದ ನಾಡುಗಳಿಗೂ ಅದು ಮುಟ್ಟಿತು. ರಾತ್ರಿಯಿಡೀ ಸುರಿಯುವ ಒಣ ವಾದ ಬೇಸರ ತರುವುದು ನಿಜ, ನಾವೂ ತೂಕಡಿಸಿದವರೇ. ಆದರೂ ಈ ಒಂದು ವಿಷಯದಲ್ಲಿ ಕಾರಂತರ ದಾರಿ ನಮಗೆ ಒಪ್ಪಿಗೆಯಿಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಗೇಣಿಯವನ ಮಗ ಕೃಷ್ಣನಾಗಿ ಚಕ್ರವರ್ತಿಯ ಎದುರು ನಿಂತು, ಐದು ಊರಾದರೂ ಯಾಕೆ ಕೊಡಲಾರೆ ಎಂದು ತನ್ನ ಸ್ವಂತ ಮಾತಿನಲ್ಲಿ ಕೇಳುವ ಜಾಗ ನಮ್ಮ ಊರುಗಳಲ್ಲಿ ಇನ್ನೆಲ್ಲಿತ್ತು? ಮಾತು ಕಳೆದರೆ ಅವನಲ್ಲಿ ಉಳಿಯುವುದು ಕಾಲು ಮತ್ತು ಬಣ್ಣ.

ಮಕ್ಕಳಿಗೆ ಹೆಜ್ಜೆ ಕಲಿಸುವವರು ಅರ್ಥವನ್ನೂ ಕಲಿಸಬೇಕು. ಮೇಳಗಳು ಹೊರಡುವುದು ದೀಪಾವಳಿಯ ಬಳಿಕ ತಾನೆ? ಈ ಮಳೆಗಾಲದಲ್ಲೇ ಗ್ರಾಮಕ್ಕೊಂದು ತಾಳಮದ್ದಳೆ ಕೂಡಿಸೋಣ. ಒಂದು ಮದ್ದಳೆ, ಒಂದು ಚಾಪೆ ಸಾಕು. ಹಿರಿಯರ ಪಕ್ಕದಲ್ಲಿ ಇಬ್ಬರು ಹುಡುಗರನ್ನು ಕೂರಿಸಿ, ಎದುರಾಳಿಯ ಮಾತಿಗೆ ಉತ್ತರ ಕೊಡಲು ಬಿಡಿ.