ಬಿಟ್ಟುಹೋದ ಕುಣಿಕೆ

ನಿವೃತ್ತನಾದ ಮೇಲೆ ನನಗೆ ಒದಗಿರುವ ಉದ್ಯೋಗಗಳು ಎರಡು. ವರ್ಷಕ್ಕೆ ಮೂರು ನಾಲ್ಕು ಬಾರಿ ಬಂಧುಗಳ ಮನೆಗೆ ಹೋಗಿ ಕೆಲವು ದಿನ ಇದ್ದು ಬರುವುದು ಒಂದು. ಉಲ್ಲನ್ ಹೆಣೆಯುವುದು ಇನ್ನೊಂದು. ಮೊದಲನೆಯದನ್ನು ಕೇಳಿದವರು 'ಒಳ್ಳೆಯದೇ ಆಯಿತು' ಎನ್ನುತ್ತಾರೆ. ಎರಡನೆಯದನ್ನು ಕೇಳಿದವರು ನನ್ನ ಮುಖವನ್ನೊಮ್ಮೆ, ಕೈಯನ್ನೊಮ್ಮೆ ನೋಡುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಂಪ ರನ್ನರನ್ನು ಪಾಠ ಹೇಳಿದ ಮನುಷ್ಯ ಕಡ್ಡಿ ಹಿಡಿದು ಕುಳಿತಿರುವುದು ಅವರಿಗೆ ವಿನೋದವಾಗಿ ಕಾಣುತ್ತದೆ. ಕಾಣಲಿ. ಬುಟ್ಟಿ ಹೆಣೆಯುವ ಗಂಡಸರಿಗೆ, ಬಲೆ ಹೆಣೆಯುವ ಗಂಡಸರಿಗೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಿರಲಿಲ್ಲ.

'ಹೆಣೆ' ಎಂಬ ಮಾತು ನಮ್ಮಲ್ಲಿ ಹಳೆಯದು. ಜಡೆಯನ್ನು ಹೆಣೆದೆವು, ಚಾಪೆಯನ್ನು ಹೆಣೆದೆವು, ಕತೆಯನ್ನೂ ಹೆಣೆದೆವು. ಎರಡು ಕಡ್ಡಿಗಳಿಂದ ಉಣ್ಣೆಯನ್ನು ಹೆಣೆಯುವ ಈ ಕಸುಬು ಮಾತ್ರ ಈಚಿನದು. ಬ್ರಿಟಿಷರ ಕಾಲದಲ್ಲಿ, ಬಹುಮಟ್ಟಿಗೆ ಮಿಷನ್ ಶಾಲೆಗಳ ಹೊಲಿಗೆ ತರಗತಿಯ ದಾರಿಯಿಂದ ನಮ್ಮ ಮನೆಗಳನ್ನು ಹೊಕ್ಕಿದ್ದು. ಅದಕ್ಕೆ ಮೊದಲು ನಮಗೆ ಉಣ್ಣೆಯೆಂದರೆ ಕಂಬಳಿ. ಕುರುಬರು ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಬಿರುಸುಗೊಳಿಸಿದ ಕರಿಯ ಕಂಬಳಿ. ನೇಯ್ಗೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಒಂದೆಳೆ ಹರಿದರೂ ಉಳಿದವು ಬಟ್ಟೆಯನ್ನು ಹಿಡಿದುಕೊಂಡಿರುತ್ತವೆ. ಹೆಣಿಗೆಯ ಮರ್ಮವೇ ಬೇರೆ. ಅಲ್ಲಿರುವುದು ಒಂದೇ ನೂಲು. ಕೆಳಗಿನ ಕುಣಿಕೆಯ ಹೊಟ್ಟೆಯೊಳಗಿಂದ ಮೇಲಿನ ಕುಣಿಕೆ ಹೊರಟು ಅದನ್ನು ಹಿಡಿದಿಟ್ಟಿರುತ್ತದೆ. ಕಡ್ಡಿಯಿಂದ ಒಂದು ಕುಣಿಕೆ ಜಾರಿತೋ, ಅದರ ಕೆಳಗಿನದು, ಅದರ ಕೆಳಗಿನದು ಎಂದು ಸಾಲಿನಿಂದ ಸಾಲಿಗೆ ಬಿಚ್ಚಿಕೊಳ್ಳುತ್ತ ಏಣಿಯ ಮೆಟ್ಟಿಲುಗಳಂತೆ ಬರಿಯ ಎಳೆಗಳು ಉಳಿಯುತ್ತವೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಾನು ಹೇಳುವ ಸಂಗತಿ ತಿಳಿದೀತು.

ಧಾರವಾಡದಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಹತ್ತು ವರ್ಷ ಹಿರಿಯಳು. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ, ಹಿಮದಲ್ಲಿ ನಿಂತ ಜವಾನರಿಗಾಗಿ ಊರೂರಿನ ಹೆಂಗಸರು ಸ್ವೆಟರು ಹೆಣೆದುದು ಹಿರಿಯ ಕೇಳುಗರಿಗೆ ನೆನಪಿರಬಹುದು. ಅಕ್ಕ ಹೆಣಿಗೆ ಕಲಿತದ್ದು ಆಗ, ಹದಿನೈದರ ವಯಸ್ಸಿನಲ್ಲಿ. ನನಗೆ ಐದು ವರ್ಷ. ಆಗ ಉಲ್ಲನ್ ಲಡಿಯಾಗಿ ಬರುತ್ತಿತ್ತು; ಲಡಿಯನ್ನು ಉಂಡೆ ಮಾಡಲು ಇಬ್ಬರು ಬೇಕು. ನಾನು ಎರಡು ಕೈಗಳನ್ನೂ ಮುಂದೆ ಚಾಚಿ ಲಡಿಯನ್ನು ಮಣಿಕಟ್ಟಿಗೆ ಹಾಕಿಕೊಂಡು ನಿಲ್ಲುತ್ತಿದ್ದೆ. ಅಕ್ಕ ಎದುರಿಗೆ ಕುಳಿತು ಸುತ್ತುತ್ತಿದ್ದಳು. ಕೈ ನೋಯುತ್ತಿತ್ತು. ಇಳಿಸಿದರೆ ಜವಾನರಿಗೆ ಚಳಿಯಾಗುತ್ತದೆ ಎನ್ನುತ್ತಿದ್ದಳು. ನಾನು ನಂಬಿ ನಿಲ್ಲುತ್ತಿದ್ದೆ. ಅವಳೊಡನೆ ಕುಳಿತು ಕಡ್ಡಿ ಹಿಡಿಯುವ ಆಸೆ ಆಗಲೇ ಹುಟ್ಟಿತ್ತು. ಓಣಿಯ ಹುಡುಗರ ನಗೆಗೆ ಹೆದರಿ ಐವತ್ತೈದು ವರ್ಷ ಸುಮ್ಮನಿದ್ದೆ. ನಿವೃತ್ತನಾದ ವರ್ಷ ಅವಳ ಮನೆಗೆ ಹೋದಾಗ, ಇನ್ನು ಯಾರು ನಕ್ಕರೇನು ಎಂದು, ಅವಳಿಂದಲೇ ಕಲಿತೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ.

2024ರ ಡಿಸೆಂಬರಿನಲ್ಲಿ ಮೈಸೂರಿನಿಂದ ರಾತ್ರಿಯ ರೈಲು ಹಿಡಿದು ಹೋದೆ. ಅಕ್ಕನ ಮೊಮ್ಮಗಳು ಆಗ ಏಳು ತಿಂಗಳ ಗರ್ಭಿಣಿ. ಹುಟ್ಟಲಿರುವ ಮರಿಮಗುವಿಗೆಂದು ಅಕ್ಕ ತಿಳಿನೀಲಿಯ ಸ್ವೆಟರು ಹಾಕಿದ್ದಳು. ಸುಭಾಸ ರಸ್ತೆಯ ಅಂಗಡಿಯಿಂದ ತರಿಸಿದ ನೂಲು; ಹೆಸರಿಗೆ ಉಲ್ಲನ್, ನಿಜವಾಗಿ ಅಕ್ರಿಲಿಕ್. ಕೂಸಿನ ಮೈಗೆ ಚುಚ್ಚುವುದಿಲ್ಲವೆಂಬುದು ಅದರ ಗುಣ. ಈ ವಿಷಯದಲ್ಲಿ ಕುರಿಯ ಪಕ್ಷವನ್ನು ನಾನು ವಹಿಸಲಾರೆ. ಅಂಚಿಗೆ ಹನ್ನೆರಡನೆಯ ನಂಬರಿನ ಕಡ್ಡಿ, ಮೈಗೆ ಹತ್ತನೆಯದು, ಮುಂಭಾಗಕ್ಕೆ 60 ಕುಣಿಕೆ. ಹೋದ ದಿನವೇ ಕೈಗೆತ್ತಿಕೊಂಡು ನೋಡಿದೆ. ಅಂಚು ಅಚ್ಚುಕಟ್ಟಾಗಿತ್ತು. ಅದರ ಮೇಲೆ ನಾಲ್ಕು ಬೆರಳು ಏರುವಷ್ಟರಲ್ಲಿ ಕುಣಿಕೆ 57 ಆಗಿತ್ತು. ಒಂದು ಕಡೆ ಜಾರಿದ ಕುಣಿಕೆಯ ಏಣಿ. ಇನ್ನೊಂದು ಕಡೆ ಅರ್ಧ ಸಾಲಿನಲ್ಲಿ ನಿಲ್ಲಿಸಿ ಎದ್ದು, ಮರಳಿ ಬಂದು ಬಂದ ದಾರಿಗೇ ತಿರುಗಿ ಹೆಣೆದದ್ದರಿಂದ ಬಲಭಾಗ ಎಡಕ್ಕಿಂತ ಎರಡು ಸಾಲು ಎತ್ತರವಾಗಿತ್ತು.

ಕಣ್ಣಿನ ದೋಷವಲ್ಲ; ಪೊರೆ ತೆಗೆಸಿ ಬಹಳ ಕಾಲವಾಗಿತ್ತು. ಅಡಿಗೆಮನೆಯಲ್ಲಿ ಅವಳ ಸೊಸೆ ದನಿ ತಗ್ಗಿಸಿ ಹೇಳಿದಳು: "ಮಾಮಾ, ಅತ್ತಿಯವರಿಗೆ ಈಗೀಗ ಲೆಕ್ಕ ತಪ್ಪಲಿಕ್ಕೆ ಹತ್ತೇದರಿ. ನೀವೇನೂ ಅನ್ನಬ್ಯಾಡ್ರಿ. ಅದೊಂದು ಕೈಯಾಗ ಇದ್ರ ಸಮಾಧಾನದಿಂದ ಇರ್ತಾರ."

ನಾನೇನೂ ಅನ್ನಲಿಲ್ಲ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಪಡಸಾಲೆಯ ದೀಪ ಹಾಕಿಕೊಂಡು ಕುಳಿತೆ. ತಪ್ಪಿದ ಸಾಲಿನವರೆಗೆ ಬಿಚ್ಚಿ, ಲೆಕ್ಕ ಸರಿಮಾಡಿ, ಅವಳು ನಿಲ್ಲಿಸಿದ ಎತ್ತರಕ್ಕೇ ಹೆಣೆದು ತಂದು, ಚೀಲದಲ್ಲಿ ಮೊದಲಿದ್ದಂತೆಯೇ ಇಟ್ಟೆ. ಮರುದಿನ ಅವಳು ಅಲ್ಲಿಂದ ಮುಂದುವರಿಸಿದಳು. ಮರುರಾತ್ರಿ ನಾನು ಮತ್ತೆ ಕುಳಿತೆ. ಹೀಗೆ ಮೂರು ರಾತ್ರಿ.

ಇಲ್ಲಿ ನನ್ನ ವೃತ್ತಿಯ ಒಂದು ಮಾತನ್ನು ಹೇಳಿಕೊಳ್ಳಲೇಬೇಕು. ಎಂ.ಎ. ತರಗತಿಗೆ ನಾನು ಹಲವು ವರ್ಷ ಗ್ರಂಥಸಂಪಾದನೆಯನ್ನು ಪಾಠ ಹೇಳಿದ್ದೇನೆ. ಡಿ.ಎಲ್. ನರಸಿಂಹಾಚಾರ್ಯರ ಗ್ರಂಥವನ್ನು ಮುಂದಿಟ್ಟುಕೊಂಡು, ಓಲೆಗರಿಯ ಲಿಪಿಕಾರ ಹೇಗೆ ತಪ್ಪುತ್ತಾನೆಂಬುದನ್ನು ವಿವರಿಸುತ್ತಿದ್ದೆ. ಒಂದೇ ಪದ ಎರಡು ಸಾಲುಗಳಲ್ಲಿದ್ದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಣ ಭಾಗ ಬಿಟ್ಟುಹೋಗುತ್ತದೆ. ಎದ್ದುಹೋಗಿ ಬಂದು ಕುಳಿತಾಗ ಬರೆದದ್ದನ್ನೇ ಮತ್ತೆ ಬರೆಯುವುದುಂಟು. ತಪ್ಪು ಕಂಡಿತೆಂದು ಸಂಪಾದಕ ಸದ್ದಿಲ್ಲದೆ ತಿದ್ದಬಾರದು. ತಿದ್ದಿದರೆ ಓಲೆಯಲ್ಲಿದ್ದ ಪಾಠವನ್ನು ಪುಟದ ಕೆಳಗೆ ಕೊಡಬೇಕು. ಕೊಡದೆ ತಿದ್ದಿದವನು ಕವಿಗೂ ಲಿಪಿಕಾರನಿಗೂ ಓದುಗನಿಗೂ ಏಕಕಾಲದಲ್ಲಿ ದ್ರೋಹ ಬಗೆದಂತೆ ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಈ ನಿಯಮವನ್ನು ಮುರಿದ ವಿದ್ಯಾರ್ಥಿಗಳ ಅಂಕಗಳನ್ನು ಕಳೆದದ್ದೂ ಉಂಟು. ಅಂಥವನು ನಡುರಾತ್ರಿ ಅಕ್ಕನ ಕೈಬರಹವನ್ನು ಅಡಿಟಿಪ್ಪಣಿಯಿಲ್ಲದೆ ತಿದ್ದುತ್ತ ಕುಳಿತಿದ್ದೆ. ಕರುಣೆಯಿಂದ ಮಾಡಿದೆನೆಂದು ಅಂದುಕೊಂಡಿದ್ದೆ. ಕರುಣೆಯೊಂದೇ ಎಂದು ಈಗ ಹೇಳಲಾರೆ. ಅಕ್ಕನ ಲೆಕ್ಕ ತಪ್ಪುತ್ತದೆಂಬುದನ್ನು ನೋಡಲು ನನಗೇ ಆಗುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ನಡೆದೇ ಇಲ್ಲವೆನ್ನುವಂತಾಗಬೇಕಿತ್ತು.

ಓಲೆಗರಿಯಲ್ಲಿ ಇನ್ನೊಂದು ಸಂಗತಿಯುಂಟು. ಅರ್ಧದಲ್ಲಿ ಲಿಪಿಕಾರ ಬದಲಾದರೆ, ಅಕ್ಷರದ ವಾಲಿಕೆಯಿಂದಲೇ ಬಲ್ಲವರು ಗುರುತು ಹಿಡಿಯುತ್ತಾರೆ. ಹೆಣಿಗೆಯೂ ಹಾಗೆಯೇ. ಕಡ್ಡಿ ಅದೇ, ನೂಲು ಅದೇ, ಕುಣಿಕೆಯ ಲೆಕ್ಕ ಅದೇ ಆದರೂ ಎಳೆತ ಒಬ್ಬೊಬ್ಬರದು ಒಂದೊಂದು. ಇದನ್ನು ನಾನು ಮರೆತಿದ್ದೆ. ನಾಲ್ಕನೆಯ ಬೆಳಿಗ್ಗೆ ಅಕ್ಕ ಚಹ ಕುಡಿದು, ಹೆಣಿಗೆಯನ್ನು ತೊಡೆಯ ಮೇಲೆ ಹರಡಿ, ಕಣ್ಣು ಬೇರೆಡೆ ಇಟ್ಟು ಬೆರಳಿನಿಂದ ಸವರುತ್ತ ಕುಳಿತಳು. ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ.

"ತಮ್ಮಾ, ಈ ನಾಕು ಬೆರಳು ನಂದಲ್ಲ."

ನಾನು ಪತ್ರಿಕೆ ಓದುತ್ತಿದ್ದವನಂತೆ ಕುಳಿತಿದ್ದೆ.

"ನಂದು ಸಡಿಲ ಕೈ. ಇದು ಬಿಗಿ ಅದ. ನಿಂದ ಇದು."

ಹೌದೆಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತು.

"ನನಗ ತಪ್ಪತದ ಅಂತ ಮನ್ಯಾಗ ಎಲ್ಲಾರಿಗೂ ಗೊತ್ತದ. ನನಗಷ್ಟ ಗೊತ್ತಿರಬಾರದೇನು?"

ಅಡಿಗೆಮನೆಯ ಪಾತ್ರೆಗಳ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದವಳು ಅಲ್ಲಿಯೇ ನಿಂತಳು. ನನಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕನೇ ಅಂದಳು: "ಇನ್ನ ಬಿಚ್ಚೂದಿದ್ರ ಹಗಲಾಗ ಬಿಚ್ಚು. ನನ್ನ ಎದುರಿಗೆ ಬಿಚ್ಚು. ಎಲ್ಲಿ ತಪ್ಪತು ಅಂತ ತೋರಿಸು."

ಅಂದಿನಿಂದ ಹಾಗೆಯೇ ಮಾಡಿದೆವು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ, ಅವಳು ಒಂದು ಸಾಲು ಮುಗಿಸಿದಾಗಲೆಲ್ಲ ನಾನು ಒಂದು ಗೀಟು ಹಾಕುತ್ತಿದ್ದೆ. ಹತ್ತು ಗೀಟಿಗೊಮ್ಮೆ ಅವಳು ಕುಣಿಕೆಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. 60 ಬಂದರೆ ಮುಂದೆ. ಬಾರದಿದ್ದರೆ ನಾನು ಜಾಗ ತೋರಿಸುತ್ತಿದ್ದೆ, ಬಿಚ್ಚುವವಳು ಅವಳೇ. ಒಮ್ಮೆ ಸಾಯಂಕಾಲ ಎಣಿಸುತ್ತ ಎಣಿಸುತ್ತ ನಲವತ್ತರ ಹತ್ತಿರ ಸುಮ್ಮನಾದಳು. ಮುಂದಿನ ಸಂಖ್ಯೆ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವಳು ಮೊದಲಿನಿಂದ ಎಣಿಸಿದಳು. ಹಿಂಭಾಗ ಮುಗಿಯಲು ಎಂಟು ದಿನ ಹಿಡಿಯಿತು; ಅವಳ ಮೊದಲಿನ ಕೈಗೆ ಅದು ಎರಡು ದಿನದ ಕೆಲಸ. ನನ್ನ ರಾತ್ರಿಗಳ ಆ ನಾಲ್ಕು ಬೆರಳನ್ನು ಬಿಚ್ಚಿಬಿಡೋಣವೆಂದೆ. ಇರಲಿ ಎಂದಳು. ತೋಳುಗಳಲ್ಲಿ ಎಡದ್ದು ಅವಳದು, ಬಲದ್ದು ನನ್ನದು. ಲೆಕ್ಕ ಒಂದೇ ಆದರೂ ನನ್ನದು ಬೆರಳಗಲ ಸಣ್ಣದಾಯಿತು.

ಮಗು ಫೆಬ್ರವರಿಯಲ್ಲಿ ಹುಟ್ಟಿತು, ಹೆಣ್ಣು. ಅಷ್ಟರಲ್ಲಿ ಚಳಿ ಸರಿದಿತ್ತು. ಫೋನಿನಲ್ಲಿ ಬಂದ ಚಿತ್ರದಲ್ಲಿ ಕೂಸಿನ ಎಡಗೈ ತೋಳಿನೊಳಗೆ ಮುಚ್ಚಿಹೋಗಿದೆ. ಬಲಗೈಯ ಬೆರಳುಗಳು ಹೊರಗಿವೆ. ಮುಂದಿನ ಚಳಿಗೆ ಅದು ಗಿಡ್ಡವಾಗುತ್ತದೆಂದು ಅಕ್ಕನಿಗೆ ಗೊತ್ತು. ಆಗಲೇ ದೊಡ್ಡ ಅಳತೆಯದನ್ನು ಹಾಕಬೇಕೆಂದು ಕುಳಿತಿದ್ದಾಳೆ. ಮೊನ್ನೆ ಫೋನು ಮಾಡಿ, ಬರುವಾಗ ಹಳದಿ ನೂಲು ತಾ ಎಂದಳು. ಇಡುವ ಮೊದಲು ಮತ್ತೊಂದು ಮಾತು ಸೇರಿಸಿದಳು: "ಲಡಿ ಸಿಕ್ರ ಲಡೀನ ತಾ. ಉಂಡಿ ಬ್ಯಾಡ."

ಮೈಸೂರಿನ ಮೂರು ಅಂಗಡಿಗಳಲ್ಲಿ ವಿಚಾರಿಸಿದ್ದೇನೆ. ಮೂರರಲ್ಲೂ ಉಂಡೆಯೇ. ನಾಳೆ ಇನ್ನೊಂದು ಕಡೆ ನೋಡಬೇಕು.